12700ಕೆ: ಎರಡೇ ಸೆಕೆಂಡಿಗೆ 100 ಡಿಗ್ರಿ, ರೆಂಡರ್ ಅರ್ಧಕ್ಕೇ ಬಂದ್ ಬೀಳ್ತದ

ತೊಗರಿಕಣಜ · 1

ಎಲ್ಲರಿಗೂ ನಮಸ್ಕಾರ ರೀ, ಕಲಬುರಗಿಯಿಂದ. ಮಷೀನಿನ ವಿವರ ಮೊದಲ ಕೊಡ್ತೀನಿ. ಪ್ರೊಸೆಸರ್ ಇಂಟೆಲ್ ಐ7-12700ಕೆ, ಝಡ್690 ಬೋರ್ಡು, ಡಿಡಿಆರ್4 ರ‍್ಯಾಮ್ 8 ಜಿಬಿದು ನಾಲ್ಕು ಕಡ್ಡಿ, 3600 ಎಕ್ಸ್‌ಎಂಪಿ (ಪೆಟ್ಟಿಗೆ ಮ್ಯಾಲ ಬರೆದ ವೇಗದ ಸೆಟ್ಟಿಂಗ್) ಆನ್. ಆರ್‌ಟಿಎಕ್ಸ್ 3070 ಕಾರ್ಡ್, 750 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ), 600 ವಿಎ ಯುಪಿಎಸ್. ಕೂಲರ್ 240 ಮಿ.ಮೀ. ಲಿಕ್ವಿಡ್, ಹಳೇ 10ನೇ ಪೀಳಿಗೆ ಮಷೀನಿಂದ ತೆಗೆದು ಹಾಕಿದ್ದು.

ಓವರ್‌ಕ್ಲಾಕ್ (ಕಂಪನಿ ಕೊಟ್ಟಿದ್ದಕಿಂತ ಹೆಚ್ಚು ವೇಗ): ಪಿ-ಕೋರ್ (ದೊಡ್ಡ, ಜೋರಿನ ಕೋರ್) ಎಲ್ಲಾ 5.1 ಗಿಗಾಹರ್ಟ್ಸ್, ಇ-ಕೋರ್ (ಸಣ್ಣವು) 3.9, ವೋಲ್ಟೇಜ್ 1.40 ಫಿಕ್ಸ್, ಎಲ್‌ಎಲ್‌ಸಿ (ಭಾರ ಬಿದ್ದಾಗ ವೋಲ್ಟೇಜ್ ಕುಗ್ಗದಂಗ ತಡಿಯೋ ಸೆಟ್ಟಿಂಗ್) ಎಲ್ಲಕ್ಕಿಂತ ಗಟ್ಟಿ ಮಟ್ಟದಾಗ ಅದ.

ಸಿನೆಬೆಂಚ್ ಆರ್23 (ಪ್ರೊಸೆಸರ್‌ಗೆ ಪೂರ್ತಿ ಭಾರ ಹಾಕೋ ಪರೀಕ್ಷೆ) ಒತ್ತಿದ ಎರಡು ಸೆಕೆಂಡಿಗೆ 100 ಡಿಗ್ರಿ ಮುಟ್ಟತದ, ಕ್ಲಾಕ್ 4.6ಕ್ಕೆ ಇಳೀತದ. ಬ್ಲೆಂಡರ್‌ನಾಗ (3ಡಿ ರೆಂಡರ್ ಸಾಫ್ಟ್‌ವೇರ್) ನೀಲಿ ಪರದೆ ಬರ್ತದ, ಒಮ್ಮೆ ಡಬ್ಲ್ಯುಎಚ್‌ಇಎ ಅನ್‌ಕರೆಕ್ಟಬಲ್ ಎರರ್ (ವಿಂಡೋಸ್ ತೋರಸೋ ಹಾರ್ಡ್‌ವೇರ್ ದೋಷ), ಇನ್ನೊಮ್ಮೆ ಮೆಮೊರಿ ಮ್ಯಾನೇಜ್‌ಮೆಂಟ್. ಸಿಪಿಯು, ಕಾರ್ಡ್ ಎರಡೂ ಕೂಡಿಸಿ ರೆಂಡರ್ ಹಚ್ಚಿದ್ರ ನೀಲಿ ಪರದೆನೂ ಇಲ್ಲ, ಕರೆಂಟ್ ಹೋದಂಗ ಟಕ್ ಅಂತ ಬಂದ್. ವೋಲ್ಟೇಜ್ 1.35ರಿಂದ 1.40ಕ್ಕೆ ಏರಿಸಿದ್ರ ಬಿಸಿ ಹೆಚ್ಚಾಯ್ತೇ ಹೊರತು ಬೀಳೋದು ನಿಂದ್ರಲಿಲ್ಲ. ಪೇಸ್ಟ್ ಬದಲು ಮಾಡಿದ್ರೂ ಫರಕಿಲ್ಲ. ರೂಮಿನಾಗ ಮಧ್ಯಾಹ್ನ 36ರಿಂದ 38 ಡಿಗ್ರಿ ಇರ್ತದ, ಎಸಿ ಇಲ್ಲ. ಏನು ಬದಲಿಸಬೇಕು ಹೇಳ್ರಿ, ಕೂಲರೋ ಬೋರ್ಡೋ?

ಶಾಖಗಣಿತ · 2

ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ನೀವು ಬರೆದಿರುವುದು ಒಂದು ಕಾಯಿಲೆಯಲ್ಲ, ಕನಿಷ್ಠ ಮೂರು. ಬಿಸಿ ಒಂದು, ನೀಲಿ ಪರದೆ ಒಂದು, ಟಕ್ಕನೆ ಆಫ್ ಆಗುವುದು ಮತ್ತೊಂದು. ಮೂರಕ್ಕೂ ಒಂದೇ ಔಷಧಿ ಎಂದು ವೋಲ್ಟೇಜ್ ಏರಿಸಿದ್ದರಿಂದ ಮೊದಲನೆಯದು ಉಲ್ಬಣಿಸಿ, ಉಳಿದೆರಡು ಹಾಗೇ ಉಳಿದಿವೆ.

ವೋಲ್ಟೇಜಿನ ಬೆಲೆ ಎಷ್ಟು ಅಂತ ಮೊದಲು ಲೆಕ್ಕ ಹಾಕೋಣ. ಪ್ರೊಸೆಸರ್ ತಿನ್ನುವ ವಿದ್ಯುತ್ತು ಸ್ಥೂಲವಾಗಿ ವೋಲ್ಟೇಜಿನ ವರ್ಗಕ್ಕೂ ಕ್ಲಾಕಿಗೂ ಅನುಪಾತದಲ್ಲಿ ಏರುತ್ತದೆ. 12700ಕೆ ತನ್ನ ಮೂಲ ಸ್ಥಿತಿಯಲ್ಲಿ ಎಲ್ಲ ಪಿ-ಕೋರ್ ಓಡುವಾಗ 4.7 ಗಿಗಾಹರ್ಟ್ಸ್. ಭಾರದಡಿ ಸುಮಾರು 1.22 ವೋಲ್ಟ್, 180 ವ್ಯಾಟ್ ಅಂದುಕೊಳ್ಳಿ. ನಿಮ್ಮದು 5.1, ಭಾರದಡಿ 1.38 ಇರಬಹುದು. 1.38 ಭಾಗಿಸು 1.22, ಅದರ ವರ್ಗ 1.28. ಕ್ಲಾಕಿನ ಪಾಲು 1.085. ಗುಣಿಸಿದರೆ 1.39. ಅಂದರೆ ಎಂಟೂವರೆ ಶೇಕಡಾ ವೇಗಕ್ಕೆ 39 ಶೇಕಡಾ ಹೆಚ್ಚು ಬಿಸಿ: 180 ವ್ಯಾಟ್ ಇದ್ದದ್ದು 250 ಆಗುತ್ತದೆ. ಇಂಟೆಲ್ ಈ ಚಿಪ್ಪಿಗೆ ಬರೆದಿರುವ ಗರಿಷ್ಠ ಟರ್ಬೊ ಮಿತಿ 190 ವ್ಯಾಟ್.

ಮೊದಲ ಕೆಲಸ: ಬಯಾಸ್ (ಬೋರ್ಡಿನ ಸೆಟ್ಟಿಂಗ್) ಅನ್ನು ಡಿಫಾಲ್ಟ್‌ಗೆ, ಅಂದರೆ ಮೂಲ ಸ್ಥಿತಿಗೆ ತನ್ನಿ. ಎಕ್ಸ್‌ಎಂಪಿ ಆಫ್. ಮಲ್ಟಿಕೋರ್ ಎನ್‌ಹಾನ್ಸ್‌ಮೆಂಟ್ ಅಥವಾ ಅದೇ ಅರ್ಥದ ಬೇರೆ ಹೆಸರಿನ ಆಯ್ಕೆ ಇದ್ದರೆ ಅದೂ ಆಫ್, ಇಲ್ಲದಿದ್ದರೆ ಬೋರ್ಡು ಡಿಫಾಲ್ಟ್ ಹೆಸರಿನಲ್ಲೇ ಮಿತಿ ದಾಟಿಸುತ್ತದೆ. ಪಿಎಲ್1, ಪಿಎಲ್2 (ದೀರ್ಘ ಮತ್ತು ಅಲ್ಪ ಕಾಲದ ವ್ಯಾಟ್ ಮಿತಿ) ಎರಡನ್ನೂ ಕೈಯಾರೆ 190 ಎಂದು ಬರೆಯಿರಿ. ಆಮೇಲೆ ತಾಪ, ವ್ಯಾಟ್ ತೋರಿಸುವ ಎಚ್‌ಡಬ್ಲ್ಯುಇನ್ಫೋ64 ತೆರೆದು, ಓದುವ ಅಂತರವನ್ನು 500 ಮಿಲಿಸೆಕೆಂಡಿಗೆ ಇಳಿಸಿ, ಲಾಗ್ ಶುರು ಮಾಡಿ ಸಿನೆಬೆಂಚ್ ಹತ್ತು ನಿಮಿಷ ಓಡಿಸಿ. ನನಗೆ ಬೇಕಿರುವುದು: ಕೋಣೆಯ ತಾಪ, ಪ್ಯಾಕೇಜ್ ಪವರ್, ಪ್ರತಿ ಪಿ-ಕೋರಿನ ಗರಿಷ್ಠ ತಾಪ. ಜತೆಗೆ, ಮೊದಲ ಐದು ಸೆಕೆಂಡಿನಲ್ಲಿ ತಾಪ ಎಲ್ಲಿಗೆ ಹಾರಿತು, ಹತ್ತನೇ ನಿಮಿಷದಲ್ಲಿ ಎಲ್ಲಿ ನಿಂತಿತು.

ಇನ್ನೊಂದು, ಮರೆಯಬೇಡಿ. ರ‍್ಯಾಮ್ ಅನುಮಾನದಲ್ಲಿರುವಾಗ ಪ್ರಾಜೆಕ್ಟ್ ಫೈಲ್‌ಗಳನ್ನು ಬ್ಯಾಕಪ್ ಮಾಡಲು ಹೋಗಬೇಡಿ. ಕೆಟ್ಟ ರ‍್ಯಾಮ್ ಮೂಲಕ ಹಾದ ಪ್ರತಿ, ಸದ್ದಿಲ್ಲದೆ ಕೆಟ್ಟಿರುತ್ತದೆ. ಮೊದಲು ಡಿಫಾಲ್ಟ್, ಆಮೇಲೆ ಬ್ಯಾಕಪ್.

ಗಡಿಯಾರ5.3 · 3

1.45ಕ್ಕೆ ಏರಿಸಿ ನೋಡಿ ಬ್ರೋ, ಎಲ್‌ಎಲ್‌ಸಿ ಹಾಗೇ ಇರ್ಲಿ. ವೋಲ್ಟೇಜ್ ಸಾಲ್ದೇ ಇದ್ದಾಗ್ಲೇ ಡಬ್ಲ್ಯುಎಚ್‌ಇಎ ಬರೋದು. ಪೇಸ್ಟ್ ಬದಲು ಲಿಕ್ವಿಡ್ ಮೆಟಲ್ ಹಾಕಿದ್ರೆ ಬಿಸಿನೂ ಹತ್ತು ಡಿಗ್ರಿ ಇಳಿಯತ್ತೆ.

ಬೆಸುಗೆಕಡ್ಡಿ · 4

ಬೇಡ ಗುರು. ಈಗ್ಲೇ 100ರಲ್ಲಿ ಥ್ರಾಟಲ್ ಆಗ್ತಿರೋ (ಬಿಸಿಗೆ ತಾನೇ ವೇಗ ಇಳಿಸ್ಕೊಳ್ತಿರೋ) ಚಿಪ್‌ಗೆ 1.45 ಕೊಟ್ರೆ ಇನ್ನೂ ಮುಂಚೆ ಥ್ರಾಟಲ್ ಆಗತ್ತೆ, ಅಷ್ಟೇ. ಸಾಲದ ವೋಲ್ಟೇಜ್‌ಗೂ ಡಬ್ಲ್ಯುಎಚ್‌ಇಎ ಬರತ್ತೆ ನಿಜ, ಆದ್ರೆ ಸಿಲಿಕಾನ್ ಬಿಸಿಯಾದಷ್ಟೂ ಅದೇ ಕ್ಲಾಕ್‌ಗೆ ಹೆಚ್ಚು ವೋಲ್ಟೇಜ್ ಬೇಕಾಗತ್ತೆ. 75 ಡಿಗ್ರಿಯಲ್ಲಿ 1.30ಕ್ಕೆ ನಿಲ್ಲೋ ಚಿಪ್ಪು 98ರಲ್ಲಿ ಅದೇ 1.30ಕ್ಕೆ ಬೀಳಬಹುದು. ಅದಕ್ಕೇ ಬಿಸಿ ಮೊದ್ಲು ಸರಿ ಮಾಡ್ಬೇಕು.

ಲಿಕ್ವಿಡ್ ಮೆಟಲ್ ಬಗ್ಗೆ: ಅದರಲ್ಲಿ ಗ್ಯಾಲಿಯಂ ಇರತ್ತೆ, ಅಲ್ಯೂಮಿನಿಯಂ ತಾಕಿದ್ರೆ ಅದನ್ನ ತಿಂದುಹಾಕತ್ತೆ. ಕೂಲರಿನ ತಳ ತಾಮ್ರವೇ ಅಂತ ಖಾತ್ರಿ ಇಲ್ದೆ ಮುಟ್ಟಬಾರದು. ವಿದ್ಯುತ್ ಹರಿಸೋ ವಸ್ತು, ಒಂದು ಹನಿ ಸಾಕೆಟ್ ಹತ್ರ ಬಿದ್ರೆ ಬೋರ್ಡು ಹೋಯ್ತು. ಚಿಪ್ಪಿನ ಮೇಲಿರೋ ಅಕ್ಷರನೂ ಅಳಿಸಿಹೋಗತ್ತೆ, ವಾರಂಟಿಗೆ ಹೋದಾಗ ತಕರಾರು.

ನವಿಲುಗರಿ · 5

ಇದು 13, 14ನೇ ಪೀಳಿಗೆಯ ಇಂಟೆಲ್ ಚಿಪ್‌ಗಳಿಗೆ ಬಂದ ತೊಂದರೆಯೇ ಇರಬಹುದಾ?

ಶಾಖಗಣಿತ · 6

ಅಲ್ಲ. 2024ರಲ್ಲಿ ಇಂಟೆಲ್ ಒಪ್ಪಿಕೊಂಡ ಆ ದೋಷ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್‌ಗಳದ್ದು. ಚಿಪ್ಪು ತಾನೇ ಅತಿಯಾದ ವೋಲ್ಟೇಜ್ ಕೇಳಿ, ಕಾಲ ಕಳೆದಂತೆ ಒಳಗಿನ ಕ್ಲಾಕ್ ಭಾಗ ಸವೆದು, ಕನಿಷ್ಠ ವೋಲ್ಟೇಜಿನ ಅಗತ್ಯವೇ ಮೇಲೇರಿಬಿಡುತ್ತಿತ್ತು. ಅದಕ್ಕೆ 0ಎಕ್ಸ್129, ಆಮೇಲೆ 0ಎಕ್ಸ್12ಬಿ ಮೈಕ್ರೋಕೋಡ್ (ಬಯಾಸ್ ಮೂಲಕ ಚಿಪ್ಪಿಗೆ ಬರುವ ತಿದ್ದುಪಡಿ) ಬಂತು, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿದರು. 12ನೇ ಪೀಳಿಗೆ ಆ ಪಟ್ಟಿಯಲ್ಲಿಲ್ಲ. ಆ ಚಿಪ್ಪುಗಳನ್ನು ಬಳಸುತ್ತಿರುವವರು ಮಾತ್ರ ಓವರ್‌ಕ್ಲಾಕ್‌ಗೆ ಕೈ ಹಾಕುವ ಮೊದಲು ಬಯಾಸ್ ಹೊಸದಾಗಿದೆಯೇ ನೋಡಿಕೊಳ್ಳಿ. ಸವೆದ ಚಿಪ್ಪನ್ನು ಮೈಕ್ರೋಕೋಡ್ ಸರಿಪಡಿಸುವುದಿಲ್ಲ.

ತೊಗರಿಕಣಜ · 7

ಡಿಫಾಲ್ಟ್ ಮಾಡಿ ಓಡಿಸಿದೆ. ಕೋಣೆ 34. ಪ್ಯಾಕೇಜ್ ಪವರ್ 178 ವ್ಯಾಟ್. ಮೂರೇ ಸೆಕೆಂಡಿಗೆ 91ಕ್ಕ ಹಾರಿತು, ಹತ್ತನೇ ನಿಮಿಷಕ್ಕ 97. ಪಿ-ಕೋರ್ ಎಂಟರೊಳಗ ಹೆಚ್ಚಿಂದು 97, ಕಮ್ಮಿದು 83. ಬೀಳಲಿಲ್ಲ. ಪಂಪ್ 2,700 ಆರ್‌ಪಿಎಂ ತೋರಸ್ತದ, ಫ್ಯಾನ್ ಫುಲ್ ಓಡ್ಲತ್ತಾವ.

ಶಾಖಗಣಿತ · 8

ನಿಮ್ಮ ಲಾಗ್‌ನಲ್ಲಿ ಉತ್ತರ ಅರ್ಧ ಇದೆ.

ತಾಪ ಏರುವ ವೇಗವೇ ತಪ್ಪು ಎಲ್ಲಿದೆ ಎಂದು ಹೇಳುತ್ತದೆ. ಲಿಕ್ವಿಡ್ ಕೂಲರಿನಲ್ಲಿ ನೀರು ಬಿಸಿಯಾಗಲು ಹತ್ತು ಹದಿನೈದು ನಿಮಿಷ ಬೇಕು. ರೇಡಿಯೇಟರಿನಲ್ಲಿ ಧೂಳು ತುಂಬಿದ್ದರೆ, ಕ್ಯಾಬಿನೆಟ್ಟಿಗೆ ಗಾಳಿ ಸಾಲದಿದ್ದರೆ, ತಾಪ ಮೊದಲು 65–70ಕ್ಕೆ ಹೋಗಿ ಆಮೇಲೆ ನಿಧಾನವಾಗಿ ಹತ್ತುತ್ತದೆ. ನಿಮ್ಮದು ಮೂರು ಸೆಕೆಂಡಿನಲ್ಲಿ 91, ಆಮೇಲೆ ಹತ್ತು ನಿಮಿಷದಲ್ಲಿ ಬರೀ 6 ಡಿಗ್ರಿ. ಅಂದರೆ ರೇಡಿಯೇಟರ್ ತನ್ನ ಕೆಲಸ ಮಾಡುತ್ತಿದೆ, ಬಿಸಿ ಅಲ್ಲಿಗೆ ತಲುಪುತ್ತಿಲ್ಲ. ಚಿಪ್ಪಿನ ಮುಚ್ಚಳಕ್ಕೂ ಕೂಲರಿನ ತಳಕ್ಕೂ ನಡುವೆ ಅಡ್ಡಿ ಇದೆ. ಕೋರುಗಳ ನಡುವೆ 14 ಡಿಗ್ರಿ ಅಂತರ ಇರುವುದೂ ಅದನ್ನೇ ಹೇಳುತ್ತದೆ. ಆರೆಂಟು ಡಿಗ್ರಿ ಸಹಜ, 12 ದಾಟಿದರೆ ತಳ ಸಮವಾಗಿ ಕೂತಿಲ್ಲ ಎಂಬ ಅನುಮಾನ ಬರಬೇಕು.

ಒಂದು ಸಂಖ್ಯೆ ಬರೆದಿಟ್ಟುಕೊಳ್ಳಿ. 97ರಲ್ಲಿ ಕೋಣೆಯ 34 ಕಳೆದರೆ 63. ಅದನ್ನು 178 ವ್ಯಾಟಿನಿಂದ ಭಾಗಿಸಿದರೆ 0.354. ಪ್ರತಿ ವ್ಯಾಟಿಗೆ ಇಷ್ಟು ಡಿಗ್ರಿ. ಕೋಣೆಯ ತಾಪ ಇವತ್ತು 30, ನಾಳೆ 40 ಆದರೂ ಈ ಸಂಖ್ಯೆ ಹೆಚ್ಚು ಬದಲಾಗುವುದಿಲ್ಲ. ಬೇಸಗೆಯಲ್ಲಿ ತೆಗೆದ ಲಾಗನ್ನು ಮಳೆಗಾಲದ ಲಾಗ್ ಜತೆ ಹೋಲಿಸಲು ಇದೊಂದೇ ದಾರಿ. ಕೋಣೆಯ ತಾಪ ಬರೆಯದೆ ಹಾಕಿದ ಸ್ಕ್ರೀನ್‌ಶಾಟ್‌ನಿಂದ ಯಾರಿಗೂ ಉಪಯೋಗವಿಲ್ಲ.

ಬೆಸುಗೆಕಡ್ಡಿ · 9

ಕೂಲರ್ 10ನೇ ಪೀಳಿಗೆ ಮಷೀನಿಂದ ಬಂದಿದ್ದು ಅಂದ್ರಲ್ಲ, ಅಲ್ಲೇ ಇದೆ ಅನ್ಸತ್ತೆ. ಹಳೇ ಎಲ್‌ಜಿಎ1200 ಸಾಕೆಟ್‌ಗೆ ಕೂಲರ್ ತೂತುಗಳ ಅಂತರ 75 ಮಿ.ಮೀ. ಹೊಸ ಎಲ್‌ಜಿಎ1700ಕ್ಕೆ 78. ಕೆಲವು 600 ಸರಣಿ ಬೋರ್ಡ್‌ಗಳಲ್ಲಿ ಹಳೇ ಕೂಲರ್ ಕೂರ್ಲಿ ಅಂತ ಎರಡೂ ಥರ ತೂತು ಕೊಟ್ಟಿದಾರೆ. ತೂತು ಹೊಂದಿತು ಅಂತ ಹಳೇ ಬ್ರಾಕೆಟ್‌ನಲ್ಲೇ ಬಿಗಿದುಬಿಡ್ತಾರೆ. ಆದ್ರೆ ಹೊಸ ಸಾಕೆಟ್‌ನಲ್ಲಿ ಬೋರ್ಡಿನಿಂದ ಚಿಪ್ಪಿನ ಮೇಲ್ಮೈಗಿರೋ ಎತ್ತರ ಹಳೇದಕ್ಕಿಂತ ಸುಮಾರು ಮುಕ್ಕಾಲು ಮಿಲಿಮೀಟರ್ ಕಮ್ಮಿ. ಹಳೇ ಸ್ಟ್ಯಾಂಡ್‌ಆಫ್ (ಕೂಲರ್ ಕೂರೋ ಕಂಬ) ಮೇಲೆ ಸ್ಕ್ರೂ ಪೂರ್ತಿ ತಿರುಗಿ ನಿಂತಾಗ ನಿಮ್ಮ ಕೈಗೆ ಬಿಗಿ ಆಯ್ತು ಅನ್ಸತ್ತೆ, ತಳ ಮಾತ್ರ ಚಿಪ್ಪನ್ನ ಒತ್ತಿರಲ್ಲ. ಎಷ್ಟು ಸಲ ಪೇಸ್ಟ್ ಬದಲಾಯಿಸಿದ್ರೂ ಅಷ್ಟೇ.

ಬಿಚ್ಚಿ ನೋಡಿ. ಹತ್ತು ನಿಮಿಷ ಭಾರ ಹಾಕಿ ಬೆಚ್ಚಗೆ ಮಾಡಿ, ಆಫ್ ಮಾಡಿ, ಹಿಂದಿನ ಸ್ವಿಚ್ ತೆಗೆದು, ಪಂಪನ್ನ ನೇರ ಎಳೀದೆ ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಗಿಸ್ತಾ ಎತ್ತಿ. ಪೇಸ್ಟಿನ ಅಚ್ಚು ಒರೆಸೋ ಮುಂಚೆ ನೋಡಿ. ಒತ್ತಡ ಸರಿಯಾಗಿದ್ರೆ ಮಧ್ಯದಲ್ಲಿ ಲೋಹ ಕಾಣೋಷ್ಟು ತೆಳ್ಳಗೆ, ಬೂದು ನೆರಳಿನ ಥರ ಇರತ್ತೆ, ಹೆಚ್ಚಾಗಿದ್ದು ಅಂಚಿಗೆ ಬಂದು ದಿಂಡಾಗಿರತ್ತೆ. ಒತ್ತಡ ಇಲ್ದಿದ್ರೆ ಹಾಕಿದ ಗುಡ್ಡೆ ಚಪಾತಿ ಥರ ದಪ್ಪಗೆ ಹರಡಿ ಮೂಲೆ ಮುಟ್ಟಿರಲ್ಲ, ಎತ್ತಿದಾಗ ಎರಡೂ ಕಡೆ ಮುಳ್ಳು ಮುಳ್ಳು ಎದ್ದಿರತ್ತೆ.

ತೊಗರಿಕಣಜ · 10

ನೀವು ಬರೆದಂಗೇ ಅದ ರೀ. ದಪ್ಪ ಪೇಸ್ಟ್, ನಾಲ್ಕೂ ಮೂಲೆ ಖಾಲಿ, ಬಲಕಿಂತ ಎಡಕ್ಕ ಹೆಚ್ಚು ಹರಡಿತ್ತು. ಬ್ರಾಕೆಟ್ ಹಳೇದೇ, 75ರ ತೂತಿನಾಗ ಕುಂತಿತ್ತು. ಕೂಲರ್ ಕಂಪನಿಯ ಎಲ್‌ಜಿಎ1700 ಕಿಟ್ ಆರ್ಡರ್ ಹಾಕೀನಿ.

ಬೆಸುಗೆಕಡ್ಡಿ · 11

ಕಿಟ್ ಬರೋವರೆಗೆ ವಾಷರ್ ತುರುಕೋ ಸಾಹಸ ಬೇಡ, ಡಿಫಾಲ್ಟ್‌ನಲ್ಲಿ ಪಿಎಲ್ ಎರಡನ್ನೂ 125ಕ್ಕೆ ಇಳಿಸಿ ಕೆಲಸ ನಡೆಸಿ. ಕೂರಿಸೋವಾಗ: ಹಳೇದನ್ನ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್, ನೂಲು ಬಿಡದ ಬಟ್ಟೆಯಿಂದ ಒರೆಸಿ. ಹಿಂಬದಿ ಪ್ಲೇಟ್ ಕೂಡ ಕಿಟ್‌ನದ್ದೇ ಇರಬೇಕು. ಈ ಚಿಪ್ಪು ಚೌಕ ಅಲ್ಲ, 45 ಗುಣಿಸು 37.5 ಮಿ.ಮೀ. ಉದ್ದದ ಚಿಪ್ಪು, ಹಾಗಾಗಿ ನಡುವೆ ಒಂದು ಬಟಾಣಿ ಇಟ್ರೆ ಎರಡು ತುದಿ ಒಣಗಿರತ್ತೆ. ಮೂಲೆಯಿಂದ ಮೂಲೆಗೆ ಕತ್ತರಿ ಗುರುತಿನ ಥರ ತೆಳುವಾಗಿ ಎಳೀರಿ. ಸ್ಕ್ರೂಗಳನ್ನ ಎದುರು ಬದುರು ಮೂಲೆ ಹಿಡಿದು ಎರಡೆರಡೇ ಸುತ್ತು. ಒಂದನ್ನೇ ಪೂರ್ತಿ ಬಿಗಿದ್ರೆ ತಳ ವಾಲತ್ತೆ, ಆ ಎಡಕ್ಕೆ ಹೆಚ್ಚು ಹರಡಿದ್ದು ಅದಕ್ಕೇ. ತಳಕ್ಕೆ ಅಂಟಿರೋ ಪ್ಲಾಸ್ಟಿಕ್ ಹಾಳೆ ಹೊಸ ಕೂಲರ್ ಆದ್ರೆ ಕಿತ್ತಿದೀರಾ ಅಂತ ಇನ್ನೊಮ್ಮೆ ನೋಡಿ.

ರೇಡಿಯೇಟರ್ ಮುಂದೆ ನಿಲ್ಲಿಸಿದ್ರೆ ಅದರ ಮೇಲ್ತುದಿ ಪಂಪ್‌ಗಿಂತ ಎತ್ತರ ಇರಬೇಕು. ಒಳಗಿರೋ ಗಾಳಿಗುಳ್ಳೆ ಎತ್ತರದ ಜಾಗಕ್ಕೆ ಹೋಗತ್ತೆ, ಅದು ಪಂಪೇ ಆಗಿಬಿಟ್ರೆ ಗೊಳಗೊಳ ಸದ್ದು, ಹರಿವು ಕಮ್ಮಿ, ಕೊನೆಗೆ ಪಂಪ್ ಸವೆಯತ್ತೆ.

ಕಡಲತೀರ · 12

ಬಿಸಿಯದ್ದು ಅವರು ನೋಡಿಕೊಳ್ತಾರೆ, ನೀಲಿ ಪರದೆಯ ವಿಷಯ ನಾನು ಹೇಳ್ತೇನೆ. ಮೆಮೊರಿ ಮ್ಯಾನೇಜ್‌ಮೆಂಟ್ ಎರರ್ ಬಂದದ್ದು ಉಂಟಲ್ಲ, ಅದಕ್ಕೆ ಕೋರ್ ವೋಲ್ಟೇಜ್ ಏರಿಸಿದರೆ ಪ್ರಯೋಜನ ಇಲ್ಲ. ಎಕ್ಸ್‌ಎಂಪಿ ಅಂದರೆ ಪೆಟ್ಟಿಗೆ ಮೇಲೆ ಬರೆದ ವೇಗ, ಅಷ್ಟೇ ಸಾಕು ಅಂತ ಜನ ಎಣಿಸ್ತಾರೆ. ಅದೂ ಓವರ್‌ಕ್ಲಾಕೇ ಮಾರಾಯ್ರೆ. 12700ಕೆಗೆ ಇಂಟೆಲ್ ಕೊಟ್ಟ ಡಿಡಿಆರ್4 ವೇಗ 3200. ನೀವು ನಾಲ್ಕು ಕಡ್ಡಿ ಹಾಕಿ 3600 ಗೇರ್ 1ರಲ್ಲಿ (ಚಿಪ್ಪಿನ ಮೆಮೊರಿ ಕಂಟ್ರೋಲರೂ ಕಡ್ಡಿಯಷ್ಟೇ ವೇಗ) ಓಡಿಸ್ತಾ ಇದ್ದೀರಿ. ಎರಡು ಕಡ್ಡಿಗೆ ಸಲೀಸಾದ ವೇಗ ನಾಲ್ಕಕ್ಕೆ ಭಾರ, ಹೆಚ್ಚಿನ ಬೋರ್ಡುಗಳ ತಂತಿ ದಾರಿ ಎರಡು ಕಡ್ಡಿಗೇ ಹೊಂದುವ ಹಾಗೆ ಎಳೆದದ್ದು.

ಪರೀಕ್ಷೆ ಹೀಗೆ ಮಾಡಿ. ಸಿಪಿಯು ಪೂರ್ತಿ ಡಿಫಾಲ್ಟ್, ಎಕ್ಸ್‌ಎಂಪಿ ಮಾತ್ರ ಆನ್. ರಾತ್ರಿ ಯುಎಸ್‌ಬಿಯಿಂದ ಮೆಮ್‌ಟೆಸ್ಟ್86 ನಾಲ್ಕು ಸುತ್ತು. ಬೆಳಿಗ್ಗೆ ವಿಂಡೋಸ್ ಒಳಗೆ ಟೆಸ್ಟ್‌ಮೆಮ್5, ಅಂಟಾ777 ಎಕ್ಸ್‌ಟ್ರೀಮ್ ಪ್ರೊಫೈಲ್. ಮೊದಲನೆಯದರಲ್ಲಿ ಪಾಸಾದ ರ‍್ಯಾಮ್ ಎರಡನೆಯದರಲ್ಲಿ ಬೀಳುವುದು ಸಾಮಾನ್ಯ, ಅದು ರ‍್ಯಾಮನ್ನು ಚೆನ್ನಾಗಿ ಬಿಸಿ ಮಾಡ್ತದೆ. ಒಂದೇ ಒಂದು ಎರರ್ ಬಂದರೂ ಫೇಲ್ ಅಂತಲೇ ಲೆಕ್ಕ.

ಬಯಾಸಿನಲ್ಲಿ ಸಿಸ್ಟಮ್ ಏಜೆಂಟ್ (ಚಿಪ್ಪಿನೊಳಗಿನ ಮೆಮೊರಿ ಕಂಟ್ರೋಲರ್ ಇರುವ ಭಾಗ) ವೋಲ್ಟೇಜ್ ಎಷ್ಟು ಉಂಟು ನೋಡಿ. ಎಕ್ಸ್‌ಎಂಪಿ ಆನ್ ಮಾಡಿದ ಕೂಡಲೇ ಆಟೊ ಅದನ್ನು 1.35ರವರೆಗೆ ಏರಿಸಿದ್ದು ಇರ್ತದೆ. ಹೆಚ್ಚು ಕೊಟ್ಟಷ್ಟೂ ಗಟ್ಟಿ ಅಲ್ಲ ಅದು. 1.20ರಿಂದ ಶುರು ಮಾಡಿ, 0.02ರಂತೆ ಏರಿಸಿ 1.30ರೊಳಗೆ ಎಲ್ಲಿ ಎರರ್ ನಿಲ್ಲುತ್ತದೆ ಹುಡುಕಿ. ರ‍್ಯಾಮಿನ ವೋಲ್ಟೇಜ್ 1.35 ಇದ್ದದ್ದನ್ನು 1.38, ಬೇಕಾದರೆ 1.40. ಆದರೂ ನಿಲ್ಲದಿದ್ದರೆ ವೇಗ 3466ಕ್ಕೆ ಇಳಿಸಿ. ರೆಂಡರ್ ಸಮಯದಲ್ಲಿ ಆ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ.

ಕಲಬುರಗಿ ಸೆಖೆಗೆ ಒಂದು ಮಾತು: ಕಡ್ಡಿಗಳ ಸ್ವಂತ ತಾಪವನ್ನೂ ಲಾಗ್‌ನಲ್ಲಿ ನೋಡಿ. 50 ದಾಟಿದ ಮೇಲೆ ಎರರ್ ಕೊಡುವ ಚಿಪ್ಪುಗಳು ಉಂಟು, ಸ್ಯಾಮ್‌ಸಂಗ್ ಬಿ-ಡೈ ಅದಕ್ಕೆ ಹೆಸರುವಾಸಿ. ರಾತ್ರಿ ಪಾಸಾಗಿ ಮಧ್ಯಾಹ್ನ ಬಿದ್ದರೆ ಇದೇ ಕಾರಣ.

ಎರಡುಫೇಸ್ · 13

ಟಕ್ ಅಂತ ಬಂದ್ ಆಗೂದರ ಬಗ್ಗೆ ನಾ ಹೇಳ್ತೀನಿ. ಇವೆಂಟ್ ವ್ಯೂವರ್‌ನಾಗ ಸಿಸ್ಟಮ್ ಲಾಗ್ ತಗೀರಿ, ಕರ್ನಲ್-ಪವರ್ 41 ಹುಡುಕ್ರಿ, ವಿವರದಾಗ ಬಗ್‌ಚೆಕ್‌ಕೋಡ್ ಎಷ್ಟೈತಿ ನೋಡ್ರಿ. ಸೊನ್ನೆ ಇದ್ರ ವಿಂಡೋಸ್‌ಗೆ ಏನೂ ಬರಿಯಾಕ ಪುರಸೊತ್ತು ಸಿಕ್ಕಿಲ್ಲ, ಕರೆಂಟೇ ಕಡದೈತಿ ಅನ್ನೂ ಅನುಮಾನ. ಬೇರೆ ಸಂಖ್ಯೆ ಇದ್ರ ಅದು ನೀಲಿ ಪರದೆ ಲೆಕ್ಕ.

ಈಗ ನಿಮ್ಮ ಯುಪಿಎಸ್. 600 ವಿಎ ಅಂದ್ರ 600 ವ್ಯಾಟ್ ಅಲ್ರಿ. ಈ ಅಳತಿ ಯುಪಿಎಸ್‌ ಸಾಮಾನ್ಯವಾಗಿ 360 ವ್ಯಾಟ್‌ದ್ದು, ಹಿಂದಿನ ಚೀಟಿ ಓದ್ರಿ. ಸಿಪಿಯು 250, 3070 ಕಾರ್ಡ್ 220, ಬೋರ್ಡು, ಫ್ಯಾನ್, ಡಿಸ್ಕ್ ಎಲ್ಲಾ ಸೇರಿ 60. ಒಟ್ಟು 530. ಎಸ್‌ಎಂಪಿಎಸ್ ದಕ್ಷತೆ 90 ಶೇಕಡಾ ಹಿಡಿದ್ರ ಗೋಡಿಯಿಂದ ಎಳಿಯೂದು 590. ಮಾನಿಟರ್ ಬ್ಯಾರೆ. 360ರ ಯುಪಿಎಸ್ ಮ್ಯಾಲೆ 600 ಹೇರೀರಿ. ಬರೇ ಸಿಪಿಯು ರೆಂಡರ್ ಹಚ್ಚಿದಾಗ ಮಿತಿಯ ಅಂಚಿನಾಗ ನಡದೈತಿ, ಕಾರ್ಡ್ ಕೂಡಿದ ಕೂಡಲೇ ಕಡೀತದ. ಕಡಿಯೂ ಮುಂಚೆ ಒಂದೇ ಸಮ ಬೀಪ್ ಬಂದಿತ್ತೇನು, ನೆನಪು ಮಾಡ್ಕೊಳ್ರಿ.

ಪರೀಕ್ಷೆ ಸರಳ. ಓವರ್‌ಕ್ಲಾಕ್ ತಗದು, ಯುಪಿಎಸ್ ಬಿಟ್ಟು ಮಷೀನ್ ನೇರ ಗೋಡಿ ಪ್ಲಗ್‌ಗೆ ಹಾಕಿ ಅದೇ ರೆಂಡರ್ ಓಡಸ್ರಿ. 16 ಆಂಪ್ ಪಾಯಿಂಟ್ ಇದ್ರ ಚಲೋ. ಉಳದ್ರ ಎಸ್‌ಎಂಪಿಎಸ್ ಮ್ಯಾಲಿನ ಅನುಮಾನ ಕಮ್ಮಿ ಆತು. ಗೋಡಿ ಪ್ಲಗ್‌ನಾಗೂ ಬಂದ್ ಆಗಿ, ಹಿಂದಿನ ಸ್ವಿಚ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟ ಮ್ಯಾಲೇ ಆನ್ ಆದ್ರ, ಎಸ್‌ಎಂಪಿಎಸ್ ರಕ್ಷಣೆಗೆ ತಾನೇ ಕಡದೈತಿ ಅಂತ ತಿಳೀರಿ. ಭಾರದಾಗ 12 ವೋಲ್ಟ್ ಗೆರಿ 11.4ಕ್ಕಿಂತ ಕೆಳಗ ಬರಬಾರದು. ಸಾಫ್ಟ್‌ವೇರ್ ತೋರಸೂದು ನಂಬಬ್ಯಾಡ್ರಿ, ಮಲ್ಟಿಮೀಟರ್ ಹಿಡೀರಿ. ಸಿಪಿಯು ಪವರ್‌ಗೆ ಬೋರ್ಡಿನಾಗ ಎರಡು 8 ಪಿನ್ ಇದ್ರ ಎರಡೂ ಹಾಕ್ರಿ.

ಹಂಗೇ ಎಲೆಕ್ಟ್ರಿಷಿಯನ್ ಕಡಿಂದ ನ್ಯೂಟ್ರಲ್, ಅರ್ಥ್ ನಡುವಿನ ವೋಲ್ಟೇಜ್ ಅಳತಿ ಮಾಡಸ್ರಿ. ಎರಡು ಮೂರು ವೋಲ್ಟ್ ದಾಟಿದ್ರ ಅರ್ಥಿಂಗ್ ನೋಡಬೇಕಾಗ್ತದ. ಬ್ಯಾಸಗಿಯಾಗ ಅರ್ಥ್ ಗುಂಡಿ ಒಣಗಿರ್ತಾವು, ನೀರು ಹಾಕಬೇಕು.

ಕೆಂಪುಚಿಪ್ · 14

ಎಎಂಡಿ ರೈಜನ್ 5000 ಪ್ರೊಸೆಸರ್ ಇರೋರು ಇದನ್ನ ಓದ್ತಿದ್ರೆ ಒಂದು ಸೇರಿಸ್ತೀನಿ. ಅಲ್ಲಿ ಕರ್ವ್ ಆಪ್ಟಿಮೈಜರ್‌ನಲ್ಲಿ (ಕೋರ್‌ಗಳ ವೋಲ್ಟೇಜ್ ಇಳಿಸೋ ಸೆಟ್ಟಿಂಗ್) ಹೆಚ್ಚು ಮೈನಸ್ ಹಾಕಿದ್ರೆ ಭಾರದಲ್ಲಿ ಬೀಳಲ್ಲ, ಸುಮ್ನೆ ಬ್ರೌಸರ್ ತೆರೆದಿದ್ದಾಗ ರೀಸ್ಟಾರ್ಟ್ ಆಗತ್ತೆ. ಒಂದೇ ಕೋರ್ ಅತಿ ಮೇಲಿನ ಕ್ಲಾಕ್‌ಗೆ ಹಾರೋದು ಹಗುರ ಕೆಲಸದಲ್ಲೇ. ಸಿನೆಬೆಂಚ್ ಅದನ್ನ ಹಿಡಿಯಲ್ಲ, ಒಂದೊಂದೇ ಕೋರ್ ಪರೀಕ್ಷೆ ಮಾಡೋ ಕೋರ್‌ಸೈಕ್ಲರ್ ಓಡಿಸಿ. ಇವೆಂಟ್ ವ್ಯೂವರ್‌ನಲ್ಲಿ ಬರೋ ಡಬ್ಲ್ಯುಎಚ್‌ಇಎ 18ರ ವಿವರದಲ್ಲಿ ಎಪಿಐಸಿ ಐಡಿ ಇರತ್ತೆ, ಸಾಮಾನ್ಯವಾಗಿ ಅದರ ಅರ್ಧ ಮಾಡಿ ದಶಮಾಂಶ ಬಿಟ್ರೆ ಕೋರ್ ನಂಬರ್ ಸಿಗತ್ತೆ, ಸೊನ್ನೆಯಿಂದ ಎಣಿಸಬೇಕು. ಆ ಕೋರ್ ಒಂದಕ್ಕೆ ಮಾತ್ರ ಮೈನಸ್ ಕಡಿಮೆ ಮಾಡಿ.

ತೊಗರಿಕಣಜ · 15

ಕಿಟ್ ಬಂತು, ಹಾಕಿದೆ. ಡಿಫಾಲ್ಟ್, ಕೋಣೆ 34, 178 ವ್ಯಾಟ್: ಮೂರು ಸೆಕೆಂಡಿಗೆ 68, ಇಪ್ಪತ್ತು ನಿಮಿಷಕ್ಕ 81ಕ್ಕ ನಿಂತದ. ಕೋರ್ ಅಂತರ 7.

ಬಗ್‌ಚೆಕ್‌ಕೋಡ್ ಸೊನ್ನೆನೇ ಇತ್ತು. ಗೋಡಿ ಪ್ಲಗ್‌ನಾಗ ಕಾರ್ಡ್, ಸಿಪಿಯು ಎರಡೂ ಕೂಡಿ ಎರಡು ತಾಸು ಓಡಿತು, ಬಂದ್ ಆಗಲಿಲ್ಲ. ಯುಪಿಎಸ್ ಚೀಟಿ ಮ್ಯಾಲ 360 ವ್ಯಾಟ್ ಅಂತಲೇ ಅದ. ಟೆಸ್ಟ್‌ಮೆಮ್5 ಎಕ್ಸ್‌ಎಂಪಿಯಾಗ 12ನೇ ನಿಮಿಷಕ್ಕ ಎರರ್ ಕೊಟ್ಟಿತು. ಏಜೆಂಟ್ ವೋಲ್ಟೇಜ್ ಆಟೊದಾಗ 1.34 ಇತ್ತು. 1.24, ರ‍್ಯಾಮ್ 1.38 ಮಾಡಿದ ಮ್ಯಾಲ ಒಂದು ತಾಸಿಗೆ ಎರಡು ಎರರ್. 3466ಕ್ಕ ಇಳಿಸಿದ ಮ್ಯಾಲ ಮೂರು ಸಲ ಪೂರ್ತಿ ಪಾಸ್, ಒಂದು ಸಲ ಮಧ್ಯಾಹ್ನದ ಬಿಸಿಲಾಗೇ.

ಈಗ 5.1ಕ್ಕ ವಾಪಸ್ ಹೋಗಬಹುದಾ?

ಶಾಖಗಣಿತ · 16

ಈಗ ನಿಮ್ಮ ಸಂಖ್ಯೆ: 81ರಲ್ಲಿ 34 ಕಳೆದು 178ರಿಂದ ಭಾಗಿಸಿ, 0.264. ಕಾಲು ಪಾಲು ಅಡ್ಡಿ ಆ ಮುಕ್ಕಾಲು ಮಿಲಿಮೀಟರಿನಲ್ಲಿತ್ತು.

ಇದರಿಂದ ಮುಂದಿನದ್ದೆಲ್ಲ ಕಾಗದದ ಮೇಲೇ ತೀರ್ಮಾನವಾಗುತ್ತದೆ. ಈ ಚಿಪ್ಪಿನ ಮಿತಿ 100, ನಾವು 95ನ್ನು ಗೆರೆ ಎಂದು ಇಟ್ಟುಕೊಳ್ಳೋಣ. ನಿಮ್ಮ ಮಧ್ಯಾಹ್ನದ ಕೋಣೆ 38. ಉಳಿದದ್ದು 57 ಡಿಗ್ರಿ. 57ನ್ನು 0.264ರಿಂದ ಭಾಗಿಸಿದರೆ 216 ವ್ಯಾಟ್. ಈ ಕೂಲರ್, ಈ ಕೋಣೆ ನಿಮಗೆ ಕೊಡುವ ಬಂಡವಾಳ ಅಷ್ಟೇ. 5.1ಕ್ಕೆ ಹಳೆಯ ವೋಲ್ಟೇಜಿನಲ್ಲಿ 250 ಬೇಕು, ಅಂದರೆ 104 ಡಿಗ್ರಿ, ಮತ್ತೆ ಥ್ರಾಟಲ್. 5.0 ಗಿಗಾಹರ್ಟ್ಸ್, ಭಾರದಡಿ 1.28 ವೋಲ್ಟ್ ಎಂದರೆ ಸುಮಾರು 211 ವ್ಯಾಟ್, 94 ಡಿಗ್ರಿ. ಗೆರೆಯೊಳಗೆ ಬರುತ್ತದೆ. ಮೇ ತಿಂಗಳಲ್ಲಿ ಕೋಣೆ 42 ಮುಟ್ಟಿದರೆ ಅದೂ 98 ಆಗುತ್ತದೆ. ಆಗಿನದಕ್ಕೆ 4.9, 1.24 ವೋಲ್ಟ್, ಸುಮಾರು 194 ವ್ಯಾಟ್, 93 ಡಿಗ್ರಿ. ಬಯಾಸಿನಲ್ಲಿ ಎರಡು ಪ್ರೊಫೈಲ್ ಉಳಿಸಿ, ಬೇಸಗೆಗೊಂದು, ಉಳಿದ ಕಾಲಕ್ಕೊಂದು. ಪಿಎಲ್1, ಪಿಎಲ್2 ಎರಡನ್ನೂ 216ಕ್ಕೆ ಕಟ್ಟಿಹಾಕಿ. ಲೆಕ್ಕ ತಪ್ಪಿದರೂ ಗಡಿ ಕಾಯಲು ಅದಿರುತ್ತದೆ.

ವೋಲ್ಟೇಜ್ ಫಿಕ್ಸ್ ಬಿಟ್ಟು ಅಡಾಪ್ಟಿವ್‌ಗೆ ಬನ್ನಿ, ಸುಮ್ಮನಿದ್ದಾಗ ಇಳಿಯಲಿ. ಎಲ್‌ಎಲ್‌ಸಿಯನ್ನು ಮಧ್ಯದ ಮಟ್ಟಕ್ಕೆ ತನ್ನಿ. ಎಚ್ಚರಿಕೆ, ಸಂಖ್ಯೆಯ ದಿಕ್ಕು ಕಂಪನಿಯಿಂದ ಕಂಪನಿಗೆ ಬೇರೆ. ಏಸಸ್‌ನಲ್ಲಿ 8 ಎಲ್ಲಕ್ಕಿಂತ ಗಟ್ಟಿ. ಎಂಎಸ್‌ಐನಲ್ಲಿ ಮೋಡ್ 1 ಗಟ್ಟಿ. ಎಎಸ್‌ರಾಕ್‌ನಲ್ಲೂ 1 ಗಟ್ಟಿ. ಬೇರೆಯವರ ಬೋರ್ಡಿನ ಸಂಖ್ಯೆ ನೋಡಿ ನಕಲು ಮಾಡಿದರೆ ಪೂರ್ತಿ ಉಲ್ಟಾ ಆಗಬಹುದು.

ಗಟ್ಟಿ ಎಲ್‌ಎಲ್‌ಸಿ ಯಾಕೆ ಬೇಡ? ಭಾರ ಬಿದ್ದಾಗ ವೋಲ್ಟೇಜ್ ಸ್ವಲ್ಪ ಕುಗ್ಗುವುದು ದೋಷವಲ್ಲ, ಬೇಕೆಂದೇ ಇಟ್ಟದ್ದು. ಭಾರ ಥಟ್ಟನೆ ಬಿಟ್ಟಾಗ ವೋಲ್ಟೇಜ್ ಮೇಲಕ್ಕೆ ಚಿಮ್ಮುತ್ತದೆ, ಥಟ್ಟನೆ ಬಿದ್ದಾಗ ಕೆಳಕ್ಕೆ ಕುಸಿಯುತ್ತದೆ. ಕುಗ್ಗಲು ಜಾಗ ಇಲ್ಲದಂತೆ ಬಿಗಿದರೆ ಈ ಚಿಮ್ಮು, ಕುಸಿತ ಎರಡೂ ಹೆಚ್ಚು. ಅವು ಮೈಕ್ರೋಸೆಕೆಂಡುಗಳ ಮಾತು, ಆಸಿಲೋಸ್ಕೋಪಿನಲ್ಲಿ ಕಾಣುತ್ತವೆ, ಎಚ್‌ಡಬ್ಲ್ಯುಇನ್ಫೋದಲ್ಲಿ ಕಾಣುವುದಿಲ್ಲ. ಪರದೆಯಲ್ಲಿ 1.38 ಸ್ಥಿರವಾಗಿ ನಿಂತಿದ್ದರೂ ಡಬ್ಲ್ಯುಎಚ್‌ಇಎ ಬರುವುದು ಹೀಗೆ.

ಪರೀಕ್ಷೆಯ ಕ್ರಮ: ಮೊದಲು ರ‍್ಯಾಮ್ ಡಿಫಾಲ್ಟ್‌ನಲ್ಲಿಟ್ಟು ಸಿಪಿಯು 5.0 ಮಾತ್ರ, ಸಿನೆಬೆಂಚ್ ಅರ್ಧ ಗಂಟೆ. ಆಮೇಲೆ ಓಸಿಸಿಟಿ ಒಂದು ಗಂಟೆ, ಅದರಲ್ಲಿ ಭಾರ ಏರಿಳಿಯುವ ಆಯ್ಕೆ ಇಟ್ಟುಕೊಳ್ಳಿ. ನಿಂತರೆ ರ‍್ಯಾಮ್ 3466 ಸೇರಿಸಿ ವೈ-ಕ್ರಂಚರ್ ಎರಡು ಗಂಟೆ. ಕೊನೆಗೆ ನಿಮ್ಮ ಅತಿ ಉದ್ದದ ಬ್ಲೆಂಡರ್ ದೃಶ್ಯ. ಪ್ರೈಮ್95 ಸ್ಮಾಲ್ ಎಫ್‌ಎಫ್‌ಟಿ ಎವಿಎಕ್ಸ್ ಜತೆ ಓಡಿಸಿದರೆ 216ರ ಮಿತಿ ಮುಟ್ಟಿ ಕ್ಲಾಕ್ ಇಳಿಯುತ್ತದೆ, ರೆಂಡರ್ ಮಷೀನಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ. ಪ್ರತಿ ಪರೀಕ್ಷೆಯ ನಂತರ ಇವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ-ಲಾಗರ್ 19 ಇದೆಯೇ ನೋಡಿ. ಮಷೀನ್ ಬೀಳದೆ ಇದ್ದರೂ 19 ಬಂದಿದ್ದರೆ ಚಿಪ್ಪು ತಪ್ಪು ಮಾಡಿ ತಾನೇ ತಿದ್ದಿಕೊಂಡಿದೆ. ವೋಲ್ಟೇಜ್ 0.01 ಏರಿಸಿ, ಇಲ್ಲವೇ ಕ್ಲಾಕ್ ಒಂದು ಹೆಜ್ಜೆ ಇಳಿಸಿ.

ಕೆಟ್ಟ ರ‍್ಯಾಮಿನಲ್ಲಿ ಇಷ್ಟು ದಿನ ಓಡಿದೆ, ಹಾಗಾಗಿ ಒಮ್ಮೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಓಡಿಸಿ ವಿಂಡೋಸ್ ಫೈಲ್‌ಗಳನ್ನು ಸರಿಪಡಿಸಿಕೊಳ್ಳಿ.

ಎರಡುಫೇಸ್ · 17

211 ವ್ಯಾಟ್‌ಗೆ ಇಳದ್ರ ಒಟ್ಟು 490, ಗೋಡಿಯಿಂದ ಸುಮಾರು 550, ಮಾನಿಟರ್ ಸೇರಿ 580. 1000 ವಿಎ ಯುಪಿಎಸ್ 600 ವ್ಯಾಟ್‌ದ್ದು ಇರ್ತಾವು, ಅಂಚಿಗೆ ಬರ್ತದ, ತಗೋಬ್ಯಾಡ್ರಿ. 3070ರಂಥ ಕಾರ್ಡು ಕ್ಷಣಮಾತ್ರಕ್ಕ ಬರೆದದ್ದಕ್ಕಿಂತ ಭಾಳ ಎಳೀತಾವು. 1500 ವಿಎ, 900 ವ್ಯಾಟ್, ಪ್ಯೂರ್ ಸೈನ್ ವೇವ್ ನೋಡ್ರಿ. ಬ್ಯಾಟರಿಗೆ ಬದಲಾಗೂ ಹೊತ್ತಿನಾಗ ಆಕ್ಟಿವ್ ಪಿಎಫ್‌ಸಿ (ಗೋಡಿಯಿಂದ ಕರೆಂಟ್ ಎಳಿಯೂದನ್ನ ಸಮ ಮಾಡೂ ಸರ್ಕ್ಯೂಟ್) ಇರೂ ಎಸ್‌ಎಂಪಿಎಸ್ ಕೆಲವು ಚೌಕ ಅಲೆಯ ಯುಪಿಎಸ್‌ನಾಗ ಕೈ ಕೊಡ್ತಾವು.

ತೊಗರಿಕಣಜ · 18

5.0 ನಿಂತದ. ಭಾರದಾಗ 1.279, 209 ವ್ಯಾಟ್, ಕೋಣೆ 37ರಾಗ ಹೆಚ್ಚಂದ್ರ 92. ವೈ-ಕ್ರಂಚರ್ ಎರಡು ತಾಸು, ಬ್ಲೆಂಡರ್ ಆರು ತಾಸು, ಡಬ್ಲ್ಯುಎಚ್‌ಇಎ ಒಂದೂ ಇಲ್ಲ. ಹಳೇ 5.1ರ ಹೆಸರಿನಾಗ 4.6ಕ್ಕ ಇಳೀತಿತ್ತಲ್ಲ, ಅದಕಿಂತ ಅದೇ ದೃಶ್ಯ ಬ್ಯಾಗ ಮುಗೀತದ. ಎಲ್ಲಾರಿಗೂ ಉಪಕಾರ ಆಯ್ತು ರೀ. ಒಂದೇ ಪ್ರಶ್ನೆ ಉಳದದ: ಸಾಕೆಟ್ ಮ್ಯಾಲ ಹಾಕೋ ಕಾಂಟ್ಯಾಕ್ಟ್ ಫ್ರೇಮ್ ಹಾಕಬೇಕಾ?

ಬೆಸುಗೆಕಡ್ಡಿ · 19

ಎಲ್‌ಜಿಎ1700ರ ಬಿಗಿಯೋ ಕೊಂಡಿ ಚಿಪ್ಪನ್ನ ನಡುಮಧ್ಯೆ ಎರಡೇ ಕಡೆ ಒತ್ತೋದ್ರಿಂದ ಮುಚ್ಚಳ ಮಧ್ಯದಲ್ಲಿ ಕೂದಲೆಳೆಯಷ್ಟು ತಗ್ಗತ್ತೆ ನಿಜ. ಫ್ರೇಮ್ ಸುತ್ತಲೂ ಒತ್ತತ್ತೆ, ಕೆಲವು ಡಿಗ್ರಿ ಇಳಿಯತ್ತೆ. ಆದ್ರೆ ವಾರಂಟಿ ವಿಷಯ ಇದೆ, ಕೊಂಡಿ ಬಿಚ್ಚಿದ್ಮೇಲೆ ಸಾಕೆಟ್ ಪಿನ್ ಮೇಲೆ ಚಿಪ್ ಸುಮ್ನೆ ಕೂತಿರತ್ತೆ, ಜಾರಿದ್ರೆ ಪಿನ್ ಬಾಗತ್ತೆ. ಕೋರ್ ಅಂತರ 7ಕ್ಕೆ ಬಂದಿದೆ, ನಿಮಗೆ ಈಗ ಬೇಕಿಲ್ಲ. ಮುಂದೆ ಪೇಸ್ಟ್ ಬದಲಿಸೋವಾಗ ಅಚ್ಚು ನೋಡಿ, ಮಧ್ಯೆ ಮಾತ್ರ ದಪ್ಪಗಿದ್ದು ಎರಡು ಅಂಚು ತೆಳ್ಳಗಿದ್ರೆ ಆಗ ಹಾಕಿ. ಹಾಕೋದಾದ್ರೆ ಎಲ್-ಕೀಯ ಉದ್ದದ ತುದಿ ಸ್ಕ್ರೂನಲ್ಲಿಟ್ಟು ಚಿಕ್ಕ ತುದಿನ ಎರಡು ಬೆರಳಲ್ಲಿ ತಿರುಗಿಸಿ, ತಡೆ ಸಿಕ್ಕಿದ ಕೂಡಲೇ ನಿಲ್ಲಿಸಿ. ಹೆಚ್ಚು ಬಿಗಿದ್ರೆ ಬೂಟ್ ಆಗಲ್ಲ, ಇಲ್ಲಾ 32 ಜಿಬಿ ರ‍್ಯಾಮ್‌ನಲ್ಲಿ 16 ಮಾತ್ರ ಕಾಣತ್ತೆ. ಹಾಗಾದ್ರೆ ಗಾಬರಿ ಬೇಡ, ನಾಲ್ಕೂ ಸ್ಕ್ರೂ ಕಾಲು ಸುತ್ತು ಸಡಿಲ ಮಾಡಿ ಮತ್ತೆ ಆನ್ ಮಾಡಿ.